ಹುಣಸೆ ಹರಾಜಿನ ದುಡ್ಡಲ್ಲಿ ಗುಂಡುತೋಪು ಬೆಳೆಸಿದ್ದು: ನನ್ನ ಅನುಭವ

ಮಧುಗಿರಿ ಕಡೆಯ ನಮ್ಮೂರ ಗುಂಡುತೋಪಿನಲ್ಲಿ ಈಗ ಏಳೆಂಟು ನೂರು ಹೊಸ ಗಿಡ ಆಳೆತ್ತರ ದಾಟಿವೆ. ಜಾಗ ಸರ್ಕಾರದ್ದು. ಗುಂಡಿ ತೋಡಿಸಿದ್ದು ಪಂಚಾಯಿತಿ, ಸಸಿ ಕೊಟ್ಟಿದ್ದು ಸಾಮಾಜಿಕ ಅರಣ್ಯದವರು, ನೀರು ಮತ್ತು ಕಾವಲು ನಮ್ಮ ಸಂಘದ್ದು. "ಸರ್ಕಾರದ ಜಾಗಕ್ಕೆ ನೀವ್ಯಾಕ್ರಪ್ಪ ನೀರು ಹೊರ್ತೀರಾ?" ಅಂತ ನಕ್ಕವರು ಬೇಕಾದಷ್ಟು ಜನ. ಅವರಲ್ಲೇ ಕೆಲವರು ಈಗ ಪಕ್ಕದೂರಿಂದ ನೆಂಟರನ್ನು ಕರೆತಂದು ತೋಪು ತೋರಿಸುತ್ತಾರೆ.

ಗ್ರಾಮಸಭೆ, ಕ್ರಿಯಾಯೋಜನೆ, ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಇವುಗಳ ವಿವರಕ್ಕೆ ಇಲ್ಲಿ ಹೋಗಲ್ಲ. ದುಡ್ಡಿನ ವಿಷಯಕ್ಕೆ ಬರ್ತೀನಿ.

ಮೊದಲು ಒಂದು ಕಂಪನಿಯವರು ಬಂದಿದ್ದರು. ಐನೂರು ಸಸಿ, ಬ್ಯಾನರು, ಟೀ ಶರ್ಟು, ಫೋಟೊ. ನೀರಿಗೆ ಒಂದು ಪೈಸೆ ಇಟ್ಟಿರಲಿಲ್ಲ. ಶಿವರಾತ್ರಿ ಹೊತ್ತಿಗೆ ಎಲ್ಲ ಒಣಗಿದವು. ಇನ್ನೊಂದು ಕಂಪನಿ ಸಿಎಸ್‌ಆರ್ ದುಡ್ಡು (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡೋದು) ಕೊಡ್ತೀವಿ ಅಂತು. ಅದಕ್ಕೆ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ ಬೇಕು, 80ಜಿ ಬೇಕು, 2021ರಿಂದ ಸಿಎಸ್‌ಆರ್ ದುಡ್ಡು ಪಡೆಯೋರ ಸಿಎಸ್‌ಆರ್-1 ನೋಂದಣಿಯೂ ಬೇಕು. ಆಡಿಟರ್‌ಗೇ ಹದಿನೆಂಟು, ಇಪ್ಪತ್ತು ಸಾವಿರ ಸುರಿದೆವು. ಕಾಗದ ಎಲ್ಲ ಸರಿಯಾದ ಮೇಲೆ "ಈ ವರ್ಷದ ಬಜೆಟ್ ಮುಗೀತು" ಅಂದರು.

ಆಮೇಲೆ ಹೊಳೆದದ್ದು ಹುಣಸೆ. ತೋಪಿನಲ್ಲಿ ಹಳೇ ಹುಣಸೆ ಮರ ನಲವತ್ತರ ಹತ್ತಿರ ಇವೆ. ವರ್ಷವರ್ಷ ಪಂಚಾಯಿತಿ ಹರಾಜು ಹಾಕುತ್ತಿತ್ತು. ಯಾರಿಗೂ ಸುದ್ದಿ ತಿಳೀತಿರಲಿಲ್ಲ, ಒಬ್ಬರೇ ಹನ್ನೆರಡು ಸಾವಿರದ ಆಸುಪಾಸಿಗೆ ಹಿಡೀತಿದ್ದರು. ನಾವು ಕೇಳಿದ್ದು ಇಷ್ಟೇ: ತಮಟೆ ಹೊಡೆಸಿ, ಕಾಯಿ ಕಣ್ಣಿಗೆ ಕಾಣುವ ಕಾಲದಲ್ಲಿ ಹರಾಜು ಕೂಗಿಸಿ, ಬಂದ ದುಡ್ಡಲ್ಲಿ ಅರ್ಧ ತೋಪಿಗೇ ಖರ್ಚು ಮಾಡಿ. ತುಮಕೂರು ಮಾರುಕಟ್ಟೆಯ ವ್ಯಾಪಾರಿಗಳಿಗೆ ನಾವೇ ಫೋನ್ ಮಾಡಿ ಕರೆಸಿದೆವು. ಮೊದಲ ವರ್ಷವೇ ಹರಾಜಿನ ಸವಾಲು ಅರವತ್ತು ಸಾವಿರ ದಾಟಿತು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರ ಮುಖ ನೋಡಬೇಕಿತ್ತು!

ದುಡ್ಡಿಗಿಂತ ಜಾಸ್ತಿ ಕೆಲಸ ಮಾಡಿದ್ದು ಪಂಚಾಯಿತಿ ಜೊತೆ ಮಾಡಿಕೊಂಡ ಒಪ್ಪಂದದ ಮೊದಲ ಸಾಲು: "ಜಾಗದ ಮೇಲಾಗಲಿ ಮರದ ಮೇಲಾಗಲಿ ಸಂಘಕ್ಕೆ ಯಾವ ಹಕ್ಕೂ ಇಲ್ಲ." ಅಧಿಕಾರಿಗಳಿಗೆ ಇರೋದು ಒತ್ತುವರಿ ಭಯ. ಸಂಘದ ಹೆಸರಲ್ಲಿ ಒಳಗೆ ಬಂದು ಶೆಡ್ ಹಾಕಿಕೊಂಡರೆ? ಆ ಸಾಲು ಓದಿದ ಮೇಲೆ ಸಹಿಗೆ ತಡವಾಗಲಿಲ್ಲ. ಎರಡನೇ ಸಾಲು ಏನು ಅನ್ನೋದನ್ನು ಇಲ್ಲಿ ಬರೆಯಲ್ಲ. ಅದನ್ನು ಊರೂರಿಗೆ ತಕ್ಕಂತೆ ಬರೆಯಬೇಕು.

ಹದ್ದುಬಸ್ತು (ಅಳತೆ ಮಾಡಿಸಿ ಗಡಿ ಗುರುತಿಸೋದು) ಮಾಡಿಸದೆ ಸಸಿ ಮುಟ್ಟಬೇಡಿ. ಪಹಣಿಯಲ್ಲಿ ಆರು ಎಕರೆ ಚಿಲ್ಲರೆ, ನೆಲದ ಮೇಲೆ ನಾಲ್ಕೂ ಇರಲಿಲ್ಲ. ಉಳಿದದ್ದು ಅಕ್ಕಪಕ್ಕದವರ ರಾಗಿ ಹೊಲ. ಅಳತೆ ಅರ್ಜಿ ಪಂಚಾಯಿತಿಯಿಂದಲೇ ಹೋಗಲಿ. ಸಂಘ ಹಾಕಿದರೆ ಜಗಳ ನಿಮ್ಮ ಮನೆ ಬಾಗಿಲಿಗೆ ಬರುತ್ತೆ. ರಾಗಿ ಕೊಯ್ಲು ಮುಗಿಯೋವರೆಗೆ ಕಾದು ಕಲ್ಲು ನೆಡಿಸಿದೆವು. ಒಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.

ಪಂಚಾಯಿತಿ ಕೆಲಸ ಮಾಡಿಸಿದ್ದು ನರೇಗಾದಲ್ಲಿ (ಉದ್ಯೋಗ ಖಾತ್ರಿ ಯೋಜನೆ). ಅದರಲ್ಲಿ ಕೂಲಿ ಮತ್ತು ಸಾಮಗ್ರಿ ಖರ್ಚಿನ ಪಾಲು 60:40 ಇತ್ತು. ತಂತಿ ಬೇಲಿಗೆ ಹೋದರೆ ಸಾಮಗ್ರಿ ಪಾಲು ಅಲ್ಲೇ ಮುಗೀತು. ಅದಕ್ಕೇ ಸುತ್ತ ಟ್ರೆಂಚ್ ಹೊಡೆಸಿ, ಬದುವಿನ ಮೇಲೆ ಕತ್ತಾಳೆ ನಾಟಿದೆವು. ಕತ್ತಾಳೆ ಮರಿ ಬಿಟ್ಟಿ. 2023-24ರಲ್ಲಿ ದಿನಗೂಲಿ 316 ರೂಪಾಯಿ ಇತ್ತು, ಆದರೆ ಖಾತೆಗೆ ಬರೋದು ತಿಂಗಳುಗಟ್ಟಲೆ ತಡ. ಜನ ಕಡಲೆಕಾಯಿ ಕೀಳೋಕೆ ಹೊರಟುಬಿಟ್ಟರು. ಸಂಘದ ಚೀಟಿ ದುಡ್ಡಿನಿಂದ ನಲವತ್ತು ಸಾವಿರದಷ್ಟು ಕೈಸಾಲ ಕೊಟ್ಟು ನಿಲ್ಲಿಸಿಕೊಂಡೆವು. ಅದರಲ್ಲಿ ಐದಾರು ಸಾವಿರ ಇನ್ನೂ ವಾಪಸ್ ಬಂದಿಲ್ಲ.

ನೀರಿಗೆ ಟ್ಯಾಂಕರ್, ಆಗ ಲೋಡಿಗೆ ಆರುನೂರರಂತೆ ಕೊಟ್ಟೆವು. ಎರಡು ಬೇಸಿಗೆ ದಾಟಿಸಿದರೆ ಹೊಂಗೆ, ಬೇವು ತಮ್ಮ ಪಾಡಿಗೆ ಬದುಕುತ್ತವೆ. ನೇರಳೆ ಹಾಗಲ್ಲ, ಮೂರನೇ ವರ್ಷವೂ ಕೇಳುತ್ತೆ. ಮೇಕೆ ಬಾಯಿ ಹಾಕದ ಹಾಗೆ ಸಸಿಗಳಿಗೆ ಸಗಣಿ ಬಗ್ಗಡ ಬಳೀತೀವಿ, ಅದಕ್ಕೆ ಇನ್ನೊಂದು ಸೊಪ್ಪಿನ ರಸ ಸೇರಿಸ್ತೀವಿ. ಬೇವಂತೂ ಅಲ್ಲ. ಯಾವುದು ಅಂತ ಕೇಳಬೇಡಿ.

ಮಧ್ಯೆ ಬೀಜದುಂಡೆ (ಬೀಜ ಇಟ್ಟ ಮಣ್ಣಿನ ಉಂಡೆ) ಹುಚ್ಚೂ ಹತ್ತಿತ್ತು. ಶಾಲೆ ಮಕ್ಕಳಿಂದ ಸಾವಿರಾರು ಉಂಡೆ ಮಾಡಿಸಿ ಎಸೆದೆವು. ಇಲಿ, ಇರುವೆಗೆ ಹಬ್ಬ ಆಯ್ತು. ಹಿಪ್ಪೆ ಬೀಜವನ್ನು ಹಣ್ಣು ಬಿದ್ದ ವಾರದೊಳಗೇ ನೇರ ಗುಂಡಿಗೆ ಊರಿದ್ದು ಮಾತ್ರ ಚೆನ್ನಾಗಿ ಹುಟ್ಟಿತು. ಬೀಜ ಬಹಳ ದಿನ ಇಟ್ಟು ಊರಿದರೆ ಹಿಪ್ಪೆ ಹುಟ್ಟೋದೇ ಕಷ್ಟ. ಇನ್ನೊಂದು ಮಾತು. ಈ ಹುರುಪಲ್ಲಿ ಕೆಲವು ಹುಡುಗರು ಮೈದೇನಹಳ್ಳಿ ಕಡೆಯೂ ಗಿಡ ನೆಡೋಣ ಅಂದರು. ಅದು 2007ರಲ್ಲಿ ಕೃಷ್ಣಮೃಗಕ್ಕೆ ಅಂತ ಮೀಸಲಾದ ಜಾಗ. ಅವಕ್ಕೆ ಬೇಕಾದ್ದು ಬಯಲು ಮತ್ತು ಹುಲ್ಲು, ತೋಪಲ್ಲ. ಗದರಿಸಿ ಬಿಡಿಸಿದೆ.

ಈಗ ಪಂಚಾಯಿತಿಗೆ ಹೊಸ ಪಿಡಿಒ ಬಂದಿದ್ದಾರೆ. ಹುಣಸೆ ಆದಾಯ ಏರಿದ್ದು ನೋಡಿ, ತೋಪಿನ ಪಾಲು ಅರ್ಧದಿಂದ ಮೂರನೇ ಒಂದಕ್ಕೆ ಇಳಿಸೋಣ ಅಂತಿದ್ದಾರೆ. ನಾವು ಒಪ್ಪಿಲ್ಲ. ಹಳೇ ಗ್ರಾಮಸಭೆಯ ನಡಾವಳಿ ಪ್ರತಿ ಕೈಯಲ್ಲಿದೆ, ಮಾತುಕತೆ ನಡೀತಿದೆ.