ಡಿಸ್ಚಾರ್ಜ್ ದಿನ ಸುಮ್ನೆ ಕಾಯಬೇಡಿ

ಹಾಸನದ ಗೆಳೆಯರೇ, ಮನೆಯವರು ಯಾರಾದರೂ ಕ್ಯಾಶ್‌ಲೆಸ್ ವಿಮೆಯಲ್ಲಿ (ಬಿಲ್ ಅನ್ನು ವಿಮೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ವ್ಯವಸ್ಥೆ) ಅಡ್ಮಿಟ್ ಆಗಿದ್ದರೆ ಇದನ್ನು ಓದಿ.

ಹೋದ ತಿಂಗಳು ಅಪ್ಪನನ್ನು ಇಲ್ಲಿನ ಒಂದು ಆಸ್ಪತ್ರೆಯಿಂದ ಕರೆದುಕೊಂಡು ಬರಬೇಕಿತ್ತು. ಬೆಳಿಗ್ಗೆ 11ಕ್ಕೆ ಡಾಕ್ಟರ್ ‘ಹೋಗಬಹುದು’ ಅಂದರು. ರಾತ್ರಿ 8 ಆದರೂ ವಿಮೆ ಕಂಪನಿಯ ಒಪ್ಪಿಗೆ ಬಂದಿರಲಿಲ್ಲ. ಅಪ್ಪ ಚಪ್ಪಲಿ ಹಾಕಿಕೊಂಡು, ಬ್ಯಾಗ್ ತೊಡೆ ಮೇಲಿಟ್ಟುಕೊಂಡು ಮಂಚದ ತುದಿಯಲ್ಲೇ ಕೂತಿದ್ದರು. ಅರಕಲಗೂಡಿನ ಬಸ್ಸೂ ತಪ್ಪಿತು. ಇನ್ನೊಂದು ದಿನದ ರೂಮ್ ಬಾಡಿಗೆ ಬಿಲ್ಲಿಗೆ ಸೇರಿತು.

ಆಮೇಲೆ ಗೊತ್ತಾಯಿತು. 2024ರ ಮೇನಲ್ಲಿ ವಿಮೆ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆ ಪ್ರಕಾರ, ಅಡ್ಮಿಟ್ ಆಗುವಾಗಿನ ಕ್ಯಾಶ್‌ಲೆಸ್ ಕೋರಿಕೆಗೆ ವಿಮೆ ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆಯೊಳಗೆ ಬರಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಜಾಸ್ತಿ ದುಡ್ಡು ಕೇಳಿದರೆ ಅದನ್ನು ಕಂಪನಿಯೇ ಕಟ್ಟಬೇಕು, ನಾವಲ್ಲ.

ಆದರೆ ಈ 3 ಗಂಟೆ ಶುರುವಾಗುವುದು ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದ ಮೇಲೆ. ಎಷ್ಟೋ ಸಲ ಬಿಲ್ ಕೌಂಟರಿನಲ್ಲೇ ಕೂತಿರುತ್ತದೆ! ಉಳಿದ ಔಷಧಿ ವಾಪಸ್ ಲೆಕ್ಕ, ಡಿಸ್ಚಾರ್ಜ್ ಸಮ್ಮರಿಗೆ ಸಹಿ ಅಂತ ಹೊತ್ತು ಹೋಗುತ್ತದೆ. ಅದಕ್ಕೇ ಇವನ್ನೆಲ್ಲ ಬೇಗ ಮುಗಿಸಲು ಹಿಂದಿನ ಸಂಜೆಯೇ ಕೇಳಿಡಿ. ಡಿಸ್ಚಾರ್ಜ್ ದಿನ ‘ಕಂಪನಿಗೆ ಬಿಲ್ ಎಷ್ಟು ಗಂಟೆಗೆ ಕಳಿಸಿದಿರಿ?’ ಅಂತ ಕೇಳಿ, ಸಮಯ ಬರೆದುಕೊಳ್ಳಿ. ಆ ಸಮಯ ಇಲ್ಲದಿದ್ದರೆ ದೂರಿಗೆ ಬಲವೇ ಇರಲ್ಲ.

ದೂರು ಮೊದಲು ಕಂಪನಿಗೆ ಕೊಡಿ. ಕೇಳದಿದ್ದರೆ ಐಆರ್‌ಡಿಎಐನ ದೂರು ವ್ಯವಸ್ಥೆ ಬಿಮಾ ಭರೋಸಾ ಇದೆ, ಫೋನ್ 155255. ತಕರಾರು ಆಸ್ಪತ್ರೆಯ ದರದ ಬಗ್ಗೆಯೇ ಇದ್ದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.