ಶೇ 35ರ ಕೈಗೆ ಸಿಕ್ಕ ಲಿಪಿಕಾರ

‘ಶೇ 40 ವೈಕಲ್ಯ ಇದ್ದರೆ ಮಾತ್ರ ಲಿಪಿಕಾರ, ತಮ್ಮಾ’ ಎಂದು ವಿಶ್ವವಿದ್ಯಾಲಯದ ಗುಮಾಸ್ತರು ನನ್ನ ಅರ್ಜಿಯನ್ನು ಮೇಜಿನ ಮೇಲೆ ವಾಪಸ್ ಸರಿಸಿದರು. ಪರೀಕ್ಷೆಯಲ್ಲಿ ನಾನು ಹೇಳಿದ ಉತ್ತರವನ್ನು ನನ್ನ ಪರವಾಗಿ ಬರೆಯುವ ಲಿಪಿಕಾರನಿಗಾಗಿ ಹಾಕಿದ್ದ ಅರ್ಜಿ ಅದು. ನನ್ನ ಬಲಗೈಯದು ಶೇ 35. ವಾದಕ್ಕಿಳಿದಿದ್ದರೆ ಕೆಲಸ ಕೆಡುತ್ತಿತ್ತು. ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿಯೇ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಮುದ್ರಿಸಿ, ಸಂಬಂಧಿಸಿದ ಸಾಲಿಗೆ ಕೆಂಪು ಗೆರೆ ಎಳೆದು ಕುಲಸಚಿವರಿಗೇ ಕೊಟ್ಟೆ. ಜತೆಗೆ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ; ಅದರಲ್ಲಿ ‘ಬರೆಯಲು ತೊಂದರೆಯಿದೆ’ ಎಂಬ ಮಾತು ಇರಲೇಬೇಕು, ಬರಿಯ ಶೇಕಡಾವಾರು ಸಾಲದು.

ಒಪ್ಪಿಗೆ ಬಂತು. ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ. ಪಿಯುಸಿ ಓದುವ ಚಿಕ್ಕಮ್ಮನ ಮಗ ಲಿಪಿಕಾರ. ಅವನಿಗೆ ಜಮಾ–ಖರ್ಚಿನ ಕೋಷ್ಟಕ ಎಳೆಯಲು ಕಲಿಸುವುದಕ್ಕೇ ಎರಡು ಭಾನುವಾರ ಹೋದವು. ಕಚೇರಿಯನ್ನು ಒಪ್ಪಿಸುವುದೇ ಸುಲಭವಿತ್ತು.