ಏರಿಯಾದಲ್ಲಿ ಮಾನವ ಹಕ್ಕು ಕಮಿಟಿ ನಡೆಸೋದು ಹೇಗೆ?

ಕಮಿಟಿ ಅಂದ ತಕ್ಷಣ ಬ್ಯಾನರ್ ಹೆಂಗಿರ್ಬೇಕು, ಅಧ್ಯಕ್ಷರು ಯಾರು ಅನ್ನೋ ಚರ್ಚೆ ಶುರುವಾಗುತ್ತೆ, ದಯವಿಟ್ಟು ಅದನ್ನ ಆಮೇಲಕ್ಕಿಡಿ. ಮೊದಲು ನೋಡ್ಬೇಕಾದ್ದು ಮೀಟಿಂಗಿಗೆ ಯಾರು ಬರ್ತಿಲ್ಲ ಅಂತ. ವೀಲ್‌ಚೇರ್ ಬಳಸೋರು, ಬೇರೆ ಭಾಷೆಯವ್ರು, ಹೊಸದಾಗಿ ಬಂದು ಬಾಡಿಗೆಗಿರೋರು, ಇವ್ರ ಮನೆಗೇ ಹೋಗಿ ಯಾಕೆ ಬರ್ತಿಲ್ಲ ಅಂತ ಕೇಳಿ, ಎಷ್ಟೋ ಸಲ ಕಾರಣ ಬರೀ ಮೆಟ್ಟಿಲು, ಟೈಮಿಂಗ್, ಇಲ್ಲಾ ಭಾಷೆ ಅಷ್ಟೇ ಆಗಿರುತ್ತೆ, ಅದನ್ನ ನಾವೇ ಸರಿ ಮಾಡ್ಬಹುದು. ಆಮೇಲೆ ಅವ್ರನ್ನ ಬರೀ ಅತಿಥಿ ಥರ ಕೂರಿಸ್ಬೇಡಿ, ತೀರ್ಮಾನ ತಗೊಳೋ ಜಾಗದಲ್ಲಿ ಕೂರಿಸಿ.

ಮಾತಾಡೋಕೆ ವಿಷಯ ಬೇಕಂದ್ರೆ ವಿಶ್ವಸಂಸ್ಥೆ 1948ರ ಡಿಸೆಂಬರ್ 10ಕ್ಕೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆ ಇದೆ, ಒಟ್ಟು 30 ವಿಧಿ, ತಿಂಗಳಿಗೆ ಒಂದು ಓದಿ ಸಾಕು. 27ನೇದು ನಂಗೆ ತುಂಬಾ ಇಷ್ಟ, ಸಮುದಾಯದ ಸಾಂಸ್ಕೃತಿಕ ಬದುಕಲ್ಲಿ ಪಾಲ್ಗೊಳ್ಳೋದು ಎಲ್ಲರ ಹಕ್ಕು ಅನ್ನುತ್ತೆ, ಅಂದ್ರೆ ಹಬ್ಬಕ್ಕೆ ಕರೆಯೋದು ಯಾರೋ ಮಾಡೋ ಉಪಕಾರ ಅಲ್ಲ.

ದೂರು ಬಂದಾಗ ಇಬ್ಬರು ಕೂತು ಕೇಳಿ, ತಾರೀಕು, ಜಾಗ, ಏನಾಯ್ತು ಅಂತ ಅವ್ರ ಮಾತಲ್ಲೇ ಬರ್ಕೊಳ್ಳಿ, ಅವ್ರು ಒಪ್ಪದೆ ಹೆಸರು ಹೊರಗೆ ಹೋಗ್ಲೇಬಾರದು, ಗ್ರೂಪಲ್ಲಂತೂ ಹಾಕ್ಲೇಬೇಡಿ. ಮನೆಯೊಳಗಿನ ಹಿಂಸೆ ಕೇಸಾದ್ರೆ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸೋಕೆ ಹೋಗ್ಬೇಡಿ, ಹೊಡೆತ ತಿಂದವ್ರಿಗೆ ಅಪಾಯ ಜಾಸ್ತಿ ಆಗುತ್ತೆ. ವಕೀಲರು, ಡಾಕ್ಟರು, ಸಹಾಯವಾಣಿ ನಂಬರ್ ಮೊದಲೇ ರೆಡಿ ಇಟ್ಕೊಂಡು, ಅವ್ರು ಬೇಕಂದ್ರೆ ಜೊತೆಗೆ ಹೋಗಿ.